ಮೌಸ್ ಬಿಟ್ಟ ಮೇಷ್ಟ್ರಿಗೆ ಆರು ಸಾಲಿನ ಪಾಠ

ನನಗೆ ಮೌಸ್ ಕಂಡರೆ ಮೊದಲಿನಿಂದಲೂ ಆಗುವುದಿಲ್ಲ. ಟೈಪಿಂಗ್ ಕಲಿತವಳಿಗೆ ಕೀಲಿಗಳ ಮೇಲಿಂದ ಕೈ ಎತ್ತುವುದೆಂದರೆ ಊಟದ ಮಧ್ಯೆ ಎಲೆ ಬಿಟ್ಟು ಎದ್ದ ಹಾಗೆ. ಚಾಮರಾಜಪೇಟೆಯಲ್ಲಿ ಒಂದು ಮಹಡಿಯ ಮೇಲಿದ್ದ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಎರಡೂ ಮುಗಿಸಿದವಳು ನಾನು. ಅಲ್ಲಿನ ಮೇಷ್ಟ್ರು ಕೀಲಿಗಳ ಮೇಲೆ ಬಟ್ಟೆ ಮುಚ್ಚಿ, ಎಡಗಡೆ ನೋಡಿ ಹೊಡೆಯುವ ಹಾಳೆ ಸಿಕ್ಕಿಸಿ, ಬೆನ್ನ ಹಿಂದೆ ಮರದ ರೂಲರ್ ಹಿಡಿದು ನಿಲ್ಲುತ್ತಿದ್ದರು. ಅವರ ನಿಯಮ ಎರಡೇ. ಕಣ್ಣು ಹಾಳೆ ಬಿಟ್ಟು ಆಚೀಚೆ ಹೋಗಬಾರದು. ಶುರು ಮಾಡಿದ ಪುಟ ಮುಗಿಯುವ ತನಕ ಕೈ ನಿಲ್ಲಬಾರದು. ತಪ್ಪಾದರೆ ಆಗಲಿ, ಆಮೇಲೆ ಎಣಿಸೋಣ ಎನ್ನುತ್ತಿದ್ದರು. ಆಸೆ ತಡೆಯಲಾರದೆ ನಾನು ಏನು ಹೊಡೆದಿದ್ದೇನೆಂದು ಒಂದು ಸಲ ಕತ್ತೆತ್ತಿ ನೋಡಿದ್ದಕ್ಕೆ ಗೆಣ್ಣಿನ ಮೇಲೆ ಬಿದ್ದ ಏಟು ಈಗಲೂ ನೆನಪಿದೆ.

ಆಮೇಲೆ ಒಂದು ಕಾಲೇಜಿನ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಮೌಸ್ ಹಿಡಿದು ಮೇಜಿನ ತುಂಬ ಓಡಾಡಿಸುತ್ತಿದ್ದರು. ರಿಪೇರಿಗೆ ಬರುತ್ತಿದ್ದ ಟೆಕ್ನಿಷಿಯನ್ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಕಿಟಕಿ ಗುರುತಿನ ಕೀಲಿಯನ್ನು ಒತ್ತಿ ಹಿಡಿದು ಆರ್ ಹೊಡೆಯುತ್ತಿದ್ದ. ತೆರೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ನಾಲ್ಕೈದು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಸಾಕು, ಕರೆದದ್ದು ಎದುರಿಗೆ ಬಂದು ನಿಲ್ಲುತ್ತಿತ್ತು. ಕ್ಯಾಲ್ಕ್ ಎಂದರೆ ಕ್ಯಾಲ್ಕ್ಯುಲೇಟರ್. ನೋಟ್‌ಪ್ಯಾಡ್ ಎಂದರೆ ಬರೆಯಲು ಬಿಳಿ ಹಾಳೆ. ಎನ್‌ಸಿಪಿಎ ಎಂದು ಹೊಡೆದು ಒಂದು ಚುಕ್ಕಿ ಇಟ್ಟು ಸಿಪಿಎಲ್ ಸೇರಿಸಿದರೆ ಇಂಟರ್ನೆಟ್ಟಿನ ಸೆಟ್ಟಿಂಗು. ಅವತ್ತೇ ನಾನು ಅವನ ಬೆನ್ನು ಹತ್ತಿದೆ. ಅವನು ಬಂದಾಗಲೆಲ್ಲ ಎರಡೆರಡು ಹೆಸರು ಕೇಳಿ ಶಾರ್ಟ್‌ಹ್ಯಾಂಡ್ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದುಕೊಂಡೆ. ಮಿಕ್ಕವರು ಒಂದು ಮೆನು ತೆರೆದು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು ತಡಕಾಡುವಾಗ ನಾನು ಪಕ್ಕದಲ್ಲಿ ಕೂತು ಟಕಟಕ ಹೊಡೆದು ಕೆಲಸ ಮುಗಿಸುತ್ತಿದ್ದೆ. ಜಂಬ ಅಂದರೆ ಜಂಬ. ಅದನ್ನು ಮುಚ್ಚಿಡಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮ ಯಜಮಾನರು ಗಣಿತದ ಎಂಎಸ್ಸಿ. ಪಿಯು ಕಾಲೇಜಿನಲ್ಲಿ ಪಾಠ ಹೇಳಿ ರಿಟೈರಾದವರು. ಕೊರೋನಾ ಕಾಲದಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹೇಳಿಕೊಡಲು ಶುರು ಮಾಡಿದ್ದು, ಕೊರೋನಾ ಹೋದರೂ ಪಾಠ ಹೋಗಲಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಒಗೆದ ಶರ್ಟು ತೊಟ್ಟು, ತಲೆ ಬಾಚಿಕೊಂಡು, ಬಸವನಗುಡಿಯ ನಮ್ಮ ಮನೆಯ ನಡುಕೋಣೆಯಲ್ಲಿ ಕೂರುತ್ತಾರೆ. ಕೆಳಗೆ ಪಂಚೆಯೇ, ಅದು ಕ್ಯಾಮೆರಾಗೆ ಕಾಣುವುದಿಲ್ಲ. ಕಳೆದ ವರ್ಷ ಹತ್ತನೇ ಕ್ಲಾಸಿನ ಏಳು ಮಕ್ಕಳಿದ್ದರು. ವಾರವೆಲ್ಲ ಪೇಪರಿನ ಪದಬಂಧ ತುಂಬಿಸುತ್ತ ಮೂಲೆಯಲ್ಲಿ ಕೂರುವ ಮನುಷ್ಯ, ಆ ಒಂದು ಗಂಟೆ ಮಾತ್ರ ಎದ್ದು ಕೂತ ಹುಲಿ.

ಒಂದು ಭಾನುವಾರ ತೆರೆಯ ಮೇಲಿನ ಬಾಣ ತ್ರಿಭುಜದ ಸುತ್ತ ಸೊಳ್ಳೆಯ ಹಾಗೆ ಸುತ್ತತೊಡಗಿತು. ಇವರು ಎ ಕೋನ ತೋರಿಸಲು ಹೋದರೆ ಅದು ಬಿ ಮೇಲೆ ಕೂರುತ್ತಿತ್ತು. ಬಿ ಎಂದರೆ ತ್ರಿಭುಜ ಬಿಟ್ಟೇ ಆಚೆ ಹೋಗುತ್ತಿತ್ತು. ಮಕ್ಕಳು ತೆರೆಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಎರಡು ಜಡೆಯ ಒಬ್ಬ ಹುಡುಗಿ, “ಸರ್, ಮೌಸ್ ಸರಿ ಇಲ್ಲ ಅನ್ಸುತ್ತೆ” ಎಂದಳು.

“ಹೂಂ ಕಣಮ್ಮ, ಮೌಸ್ ಕೆಟ್ಟೋಗಿದೆ” ಎಂದರು ಇವರು, ತಕ್ಷಣ.

ನಾನು ಎಸ್.ಪಿ. ರೋಡಿಗೆ ಹೋಗಿ ಹೊಸ ಮೌಸ್ ತಂದೆ. ಮುಂದಿನ ವಾರ ಅದೂ ಕೆಟ್ಟಿದೆ ಎಂದರು. ಬದಲಾಯಿಸಿ ವೈರಿಲ್ಲದ್ದನ್ನು ತಂದೆ. ಅದೂ ಸರಿಯಿಲ್ಲ ಎಂದರು. ಮೂರನೆಯ ಸಲ ಕೆಂಪು ದೀಪ ಮಿನುಗುವ ಒಂದನ್ನು ತಂದು, ಅದನ್ನೂ ವಾಪಸ್ ಒಯ್ದಾಗ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಮ್ಮಾ, ಮನೇಲಿ ಮೌಸ್ ಅಂಗಡಿ ಇಡ್ತಿದೀರಾ?”

“ಕೆಟ್ಟಿರೋ ಮಾಲು ಕೊಟ್ಬಿಟ್ಟು ಮಾತು ಬೇರೆ ಆಡ್ತೀರಾ?” ಎಂದು ನಾನು ಅಂಗಡಿಯ ಮುಂದೆ ನಾಲ್ಕು ಜನ ಸೇರುವ ಹಾಗೆ ಗಂಟಲು ಏರಿಸಿದೆ. ಅವನು ಮೌಸನ್ನು ಕೌಂಟರ್ ಮೇಲಿಟ್ಟು ಓಡಿಸಿದ. ತೆರೆಯ ಮೇಲೆ ಬಾಣ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಹೋಯಿತು. “ನೀವೇ ಓಡ್ಸಿ ನೋಡಿ” ಎಂದ. ನಾನು ಓಡಿಸಿದರೂ ಸಲೀಸಾಗಿಯೇ ಹೋಯಿತು.

ಮೌಸನ್ನು ಚೀಲಕ್ಕೆ ಹಾಕಿಕೊಂಡು ಆಟೋದಲ್ಲಿ ಕೂತಾಗ ನನಗೆ ಒಂದೊಂದಾಗಿ ಹೊಳೆಯತೊಡಗಿತು. ಇವರು ಯಾಕೆ ಎರಡು ತಿಂಗಳಿಂದ ಶರ್ಟಿನ ಗುಂಡಿ ನನ್ನ ಕೈಲೇ ಹಾಕಿಸಿಕೊಳ್ಳುತ್ತಿದ್ದಾರೆ. ಪದಬಂಧದ ಚೌಕಗಳು ಯಾಕೆ ಖಾಲಿ ಉಳಿಯುತ್ತಿವೆ. ಬೇಸಿಗೆಯಲ್ಲಿ ಯಾಕೆ ಬಲಗೈ ಯಾವಾಗಲೂ ಶಾಲಿನ ಒಳಗಿರುತ್ತದೆ. ಮನೆಗೆ ಬಂದು, “ಎಲ್ಲಿ, ಕೈ ತೋರ್ಸಿ” ಎಂದೆ. ತೋರಿಸಲಿಲ್ಲ. ನಾನೇ ಎಳೆದು ನೋಡಿದೆ. ಗಾಳಿಗೆ ಅಲುಗುವ ಎಲೆಯ ಹಾಗೆ ನಡುಗುತ್ತಿತ್ತು.

ಇವರ ತಂದೆಯ ಕೈಯೂ ಹೀಗೇ ನಡುಗಲು ಶುರುವಾಗಿತ್ತು. ಅದು ಕೈಯಲ್ಲೇ ನಿಲ್ಲಲಿಲ್ಲ. ಕಾಲಿಗೆ ಬಂತು, ಮಾತಿಗೆ ಬಂತು, ಕೊನೆಗೆ ಊಟ ನುಂಗುವುದಕ್ಕೂ ಬಂತು. ಅದನ್ನು ಕಣ್ಣಾರೆ ನೋಡಿದವರಿಗೆ ಆ ಕಾಯಿಲೆಯ ಹೆಸರು ಹೇಳಬೇಕಾಗಿರಲಿಲ್ಲ. “ಡಾಕ್ಟರ್‌ಗೆ ತೋರ್ಸೋಣ” ಎಂದೆ. ಇವರು ಅನ್ನ ಕಲಸಿದ ತಟ್ಟೆ ಬಿಟ್ಟು ಎದ್ದು ಹೋದರು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅವರು ಹಾಗೆ ಎದ್ದದ್ದು ಅದೇ ಮೊದಲು. ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ. ನಿಜ ಹೇಳುತ್ತೇನೆ, ಡಾಕ್ಟರು ಏನು ಹೇಳುತ್ತಾರೋ ಎಂದು ಅವರಿಗಿಂತ ಹೆಚ್ಚು ಹೆದರಿದವಳು ನಾನೇ.

ಎರಡು ದಿನ ಬಿಟ್ಟು, “ಪಾಠ ಸಾಕು. ಮಕ್ಕಳ ಮನೆಗೆ ಫೋನ್ ಮಾಡಿ ಹೇಳ್ಬಿಡು” ಎಂದರು. ಕೈ ನಡುಗುವುದು ಯಾರಿಗೂ ಕಾಣಬಾರದು, ಅಷ್ಟೇ ಅವರಿಗೆ ಬೇಕಾದದ್ದು. ನಾನು ಫೋನ್ ಮಾಡಿದೆ. ಆದರೆ ಪಾಠ ನಿಂತಿತು ಎನ್ನಲಿಲ್ಲ. ಮೌಸ್ ರಿಪೇರಿಗೆ ಹೋಗಿದೆ, ಮೂರು ವಾರ ರಜ ಎಂದೆ. ಮೌಸ್ ರಿಪೇರಿಗೆ ಮೂರು ವಾರ ಯಾಕೆ ಎಂದು ಏಳು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಜನ ನನ್ನ ಮಾತು ಎಷ್ಟು ಬೇಗ ನಂಬುತ್ತಾರೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಭಾನುವಾರದ ಒಂದು ಗಂಟೆ ಹೋದರೆ ಈ ಮನುಷ್ಯ ಶಾಲು ಹೊದ್ದು ಮೂಲೆಯಲ್ಲೇ ಉಳಿದುಬಿಡುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಕೈಯ ಬಗ್ಗೆ ಮಾತಾಡುವ ಹಾಗಿಲ್ಲ. ಸರಿ, ಮೌಸಿನ ಬಗ್ಗೆ ಮಾತಾಡಬಹುದಲ್ಲ.

“ಮೌಸ್ ಯಾಕ್ರೀ ಬೇಕು ನಿಮ್ಗೆ? ನಾನು ಮೂವತ್ತು ವರ್ಷ ಅದನ್ನ ಮುಟ್ಟಿದೀನಾ? ಬನ್ನಿ ಇಲ್ಲಿ, ಕೂತ್ಕೊಳಿ” ಎಂದೆ.

ನಾನು ಅಂದುಕೊಂಡ ಹಾಗೇ ಆಯಿತು. ಗಾಳಿಯಲ್ಲಿ ಎತ್ತಿ ಹಿಡಿದರೆ ನಡುಗುವ ಕೈ, ಮಣಿಕಟ್ಟು ಊರಿ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟರೆ ಅರ್ಧಕ್ಕರ್ಧ ತೆಪ್ಪಗಾಯಿತು. ಕಷ್ಟವಾದದ್ದು ಕೈಯಿಂದಲ್ಲ, ಎಂಎಸ್ಸಿ ಓದಿದ ತಲೆಯಿಂದ. ನಾನು ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಕ್ರಮದಲ್ಲೇ ಶುರು ಮಾಡಿದೆ. ಅಡುಗೆಮನೆಯ ಒಂದು ಒಗೆದ ಬಟ್ಟೆಯನ್ನು ಕೀಲಿಗಳ ಮೇಲೆ ಮುಚ್ಚಿದೆ. ಇವರು ಬಟ್ಟೆ ಎತ್ತಿ ಒಳಗೆ ನೋಡಿದರು.

“ನೋಡ್ಬಾರ್ದು.”

“ನೋಡ್ದೆ ಹೇಗೆ ಗೊತ್ತಾಗುತ್ತೆ?”

“ಬೆರಳಿಗೆ ಗೊತ್ತಾಗುತ್ತೆ. ನಿಮ್ಗೆ ಗೊತ್ತಾಗೋದೇನೂ ಬೇಡ.”

ಎನ್‌ಸಿಪಿಎ ಬಂದಾಗ ಜಗಳವೇ ಆಯಿತು. ಇಂಟರ್ನೆಟ್ಟಿಗೆ ಆ ಹೆಸರು ಯಾಕೆ, ಎನ್ ಅಂದರೇನು, ಸಿ ಅಂದರೇನು, ಯಾರು ಇಟ್ಟರು, ಯಾವ ಆಧಾರದ ಮೇಲೆ ಇಟ್ಟರು ಎಂದು ಇವರು ಪ್ರಮೇಯಕ್ಕೆ ಕೇಳುವ ಹಾಗೆ ಸಾಧನೆ ಕೇಳಿದರು. ಅಷ್ಟು ವರ್ಷ ಅದನ್ನು ಹೊಡೆದ ನನಗೆ ಯಾವತ್ತೂ ಆ ಪ್ರಶ್ನೆ ಬಂದಿರಲಿಲ್ಲ. “ಹೊಡೆದ್ರೆ ಬರುತ್ತೆ. ಅಷ್ಟೇ ಸಾಧನೆ” ಎಂದೆ. ಸಿಪಿಎಲ್ ಎಂಬ ಬಾಲದ ಹಾಗೆಯೇ ಕೆಲವಕ್ಕೆ ಎಂಎಸ್‌ಸಿ ಎಂಬ ಬಾಲವಿದೆ ಎಂದು ತಿಳಿದಾಗ ಮಾತ್ರ ಇವರ ಮುಖ ಅರಳಿತು.

“ಹಾಗಾದ್ರೆ ಇವು ನನ್ನ ಹಾಗೆ ಡಿಗ್ರಿ ಮಾಡಿರೋವು. ಆ ಸಿಪಿಎಲ್ ಎಲ್ಲ ಏನು, ಪಿಯುಸಿ ಫೇಲಾ?”

ಎಷ್ಟೋ ವಾರಗಳ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು. ನಾನು ರೂಲರ್ ಹಿಡಿದುಕೊಂಡೇ ನಕ್ಕೆ. ಹೌದು, ರೂಲರ್ ಹಿಡಿದಿದ್ದೆ. ಇಷ್ಟು ವರ್ಷ “ನಿನಗೆ ಲೆಕ್ಕ ಬರಲ್ಲ” ಎಂದವರ ಬೆನ್ನ ಹಿಂದೆ ಒಂದು ರೂಲರ್ ಹಿಡಿದು ನಿಲ್ಲುವ ಸುಖವನ್ನು ನಾನು ಯಾಕೆ ಬಿಡಲಿ?

ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಆರು ಸಾಲು ಬರೆದು ಎಡಗಡೆ ನಿಲ್ಲಿಸಿದೆ. ಮೊದಲನೆಯದು ಇಂಟರ್ನೆಟ್ ನೋಡಲು. ಎರಡನೆಯದು ಧ್ವನಿಯ ಸೆಟ್ಟಿಂಗು. ಮೂರು ಕ್ಯಾಲ್ಕ್ಯುಲೇಟರ್, ನಾಲ್ಕು ಚಿತ್ರ ಬಿಡಿಸುವ ಪೇಂಟ್, ಐದು ನೋಟ್‌ಪ್ಯಾಡ್. ಆರನೆಯದು ಪಾಠ ಮುಗಿದ ಮೇಲೆ ಕಂಪ್ಯೂಟರ್ ಮುಚ್ಚಲು. ಶಟ್‌ಡೌನ್ ಎಂದು ಹೊಡೆದು, ಜಾಗ ಬಿಟ್ಟು ಗೆರೆ ಎಳೆದು ಎಸ್, ಜಾಗ ಬಿಟ್ಟು ಗೆರೆ ಎಳೆದು ಟಿ, ಕೊನೆಗೆ ಒಂದು ಸೊನ್ನೆ. ಹೊಡೆದ ಮರುಕ್ಷಣ ತೆರೆ ಕಪ್ಪಾಗಬೇಕು. ದಿನಾ ಸಂಜೆ ಆರೂ ಸಾಲನ್ನು ಒಂದೇ ಉಸಿರಿನಲ್ಲಿ, ತೆರೆ ನೋಡದೆ ಹೊಡೆಸುತ್ತಿದ್ದೆ. ಕೊನೆಗೆ ಕಂಪ್ಯೂಟರ್ ಆರಿದರೆ ಪಾಸು. ಎರಡನೇ ವಾರದ ಹೊತ್ತಿಗೆ ಇವರು ಪಾಸಾಗತೊಡಗಿದರು. ತೆರೆ ಕಪ್ಪಾದ ಕೂಡಲೇ ಹಿಂತಿರುಗಿ ನನ್ನ ಮುಖ ನೋಡುತ್ತಿದ್ದರು. ನಾನು ಪರವಾಗಿಲ್ಲ ಎನ್ನುವಂತೆ ತಲೆ ಆಡಿಸುತ್ತಿದ್ದೆ. ಒಳಗೆ ಮಾತ್ರ ಕುಣಿಯುವಷ್ಟು ಖುಷಿ.

ಪಾಠ ಮತ್ತೆ ಶುರುವಾಯಿತು. ಬಲಗೈ ಕ್ಯಾಮೆರಾದ ಕೆಳಗೇ ಇತ್ತು, ಬಾಣದ ಸುದ್ದಿಯೇ ಇರಲಿಲ್ಲ. ಲೆಕ್ಕದ ಹಂತಗಳನ್ನು ಇವರು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ತೋರಿಸಿದರು. ಹೆಸರು ಹೊಡೆದರೆ ಎಲ್ಲವೂ ಬಂದು ನಿಲ್ಲುವುದನ್ನು ಕಂಡು ಮಕ್ಕಳು ಬೆರಗಾದರು. ಮೊಬೈಲ್ ತೆರೆಯನ್ನು ಬೆರಳಲ್ಲಿ ತಳ್ಳಿ, ತಟ್ಟಿಯೇ ಬೆಳೆದ ಮಕ್ಕಳು ಅವು. “ಸರ್, ನಮ್ಗೂ ಹೇಳ್ಕೊಡಿ” ಎಂದರು. ಇವರು ಕಿಟಕಿ ಗುರುತಿನ ಕೀಲಿ ಮತ್ತು ಆರ್ ಎಂಬ ರಹಸ್ಯವನ್ನು ತಾವೇ ಕಂಡುಹಿಡಿದವರ ಹಾಗೆ ಹೇಳಿಕೊಟ್ಟರು. ನನ್ನ ಹೆಸರು ಎತ್ತಲಿಲ್ಲ. ಅದಕ್ಕೆ ಅವತ್ತು ಮಧ್ಯಾಹ್ನ ನಾನು ಹಪ್ಪಳ ಕರಿಯಲಿಲ್ಲ.

ಅನಾಹುತ ಆದದ್ದು ಅದರ ಮುಂದಿನ ಭಾನುವಾರ. ಇವರು ಮಕ್ಕಳಿಗೆ ಸಂದೇಶ ಬರೆಯುವ ಚಾಟ್ ಜಾಗದಲ್ಲಿ ಗುಡ್ ಮಾರ್ನಿಂಗ್ ಎಂದು ಟೈಪ್ ಮಾಡಿ ಕಳಿಸಿದರು. ಆಮೇಲೆ ಹಾಳೆಯ ಕಡೆ ತಿರುಗಿ ಕೂತು ಶುರು ಹಚ್ಚಿಕೊಂಡರು. ಎಡಗೈ ಬೆರಳು ಕಿಟಕಿ ಗುರುತಿನ ಕೀಲಿಯ ಬದಲು ಅದರ ಪಕ್ಕದ ಕೀಲಿಯ ಮೇಲೆ ಕೂತಿತ್ತು. ಹಾಗಾಗಿ ಚೌಕ ತೆರೆಯಲಿಲ್ಲ. ಹೊಡೆದದ್ದೆಲ್ಲ ಸೀದಾ ಮಕ್ಕಳಿಗೆ ಹೋಗತೊಡಗಿತು. ಕಣ್ಣು ಎತ್ತಬಾರದು ಎಂದು ನಾನು ಹದಿನೈದು ದಿನ ತಲೆಗೆ ತುಂಬಿದ್ದೆನಲ್ಲ, ಇವರು ಎತ್ತಲಿಲ್ಲ.

ನಾನು ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಿದ್ದೆ. ಟೈಪಿಸ್ಟಿನ ಕಿವಿ ಕೆಲಸ ಬಿಟ್ಟರೂ ಸುಮ್ಮನಿರುವುದಿಲ್ಲ. ಮೊದಲನೇ ಸಾಲು, ಎರಡನೇ ಸಾಲು, ಕ್ಯಾಲ್ಕ್ ಎಂಬ ಚಿಕ್ಕ ಸಾಲು, ಎಲ್ಲ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಲಯ ಎಷ್ಟು ಚೆನ್ನಾಗಿತ್ತೆಂದರೆ ನಾನು ಸೌಟಿನಲ್ಲೇ ತಾಳ ಹಾಕುತ್ತಿದ್ದೆ. ಐದನೇ ಸಾಲು ಮುಗಿಯಿತು. ಇನ್ನು ನಿಲ್ಲಬೇಕು. ನಿಲ್ಲಲಿಲ್ಲ. ಶಟ್‌ಡೌನ್, ಜಾಗ, ಗೆರೆ, ಎಸ್. ದಿನಾ ಸಂಜೆ ಆರೂ ಸಾಲು ಮುಗಿಸಿಯೇ ಏಳುತ್ತಿದ್ದ ಕೈ, ಆರೂ ಸಾಲು ಮುಗಿಸಲು ಹೊರಟಿತ್ತು.

“ರೀ! ನಿಲ್ಸಿ! ನಿಲ್ಸೀ!” ಎಂದು ಸೌಟು ಹಿಡಿದುಕೊಂಡೇ ಓಡಿದೆ. ಎಂಟರ್ ಬಿದ್ದಾಗಿತ್ತು.

ಇವರ ಕಂಪ್ಯೂಟರಿಗೆ ಏನೂ ಆಗಲಿಲ್ಲ. ತೆರೆಯ ಮೇಲೆ ಏಳು ಮುಖಗಳೂ ಬಗ್ಗಿ ಏನನ್ನೋ ಶ್ರದ್ಧೆಯಿಂದ ಟೈಪ್ ಮಾಡುತ್ತಿದ್ದವು. ಹಿಂದಿನ ವಾರದ ಪಾಠದ ಅಭ್ಯಾಸ ಇದು ಎಂದುಕೊಂಡು, ಸರ್ ಕಳಿಸಿದ ಸಾಲುಗಳನ್ನು ಮಕ್ಕಳು ಒಂದೊಂದಾಗಿ ತಮ್ಮ ತಮ್ಮ ಚೌಕದಲ್ಲಿ ಹೊಡೆಯುತ್ತಿದ್ದರು. “ಕ್ಯಾಲ್ಕ್ಯುಲೇಟರ್ ಬಂತು ಸರ್!” ಎಂದಿತು ಒಂದು ಮುಖ. “ಪೇಂಟ್ ಬಂತು ಸರ್!” ಎಂದಿತು ಇನ್ನೊಂದು. ಮರುಕ್ಷಣ ಆ ಇನ್ನೊಂದು ಮುಖ ಮಾಯವಾಯಿತು. ಆಮೇಲೆ ಅದರ ಪಕ್ಕದ್ದು.

ಇವರು ಈಗ ಕತ್ತೆತ್ತಿದರು. ಆಗಿದ್ದೇನೆಂದು ಅರ್ಥವಾಗುವಷ್ಟರಲ್ಲಿ ಮೂರನೇ ಮುಖವೂ ಹೋಯಿತು. ಇವರು ಗಾಬರಿಯಿಂದ ಬಲಗೈ ಎತ್ತಿ ಕ್ಯಾಮೆರಾದ ಮುಂದೆಯೇ ಬೀಸಿ, “ಬೇಡ, ಬೇಡ! ಆರನೇದು ಹೊಡೀಬೇಡಿ!” ಎಂದು ಕೂಗಿದರು.

ಕೈ ತೆರೆಯ ತುಂಬ ಕಾಣಿಸಿತು. ನಡುಗುತ್ತಿತ್ತು. ಮೂರು ತಿಂಗಳಿಂದ ಶಾಲಿನ ಒಳಗೆ, ಮೇಜಿನ ಕೆಳಗೆ ಅಡಗಿಸಿಟ್ಟ ಕೈ. ಇವರಿಗೂ ಅದು ತೆರೆಯ ಮೇಲೆ ಕಂಡಿತು. ಕೆಳಗಿಳಿಸಲೂ ಮರೆತು ಹಾಗೇ ಕೂತುಬಿಟ್ಟರು. ನಾನು ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಉಳಿದಿದ್ದ ನಾಲ್ಕು ಮಕ್ಕಳೂ ಟೈಪ್ ಮಾಡುವುದನ್ನು ನಿಲ್ಲಿಸಿದರು.

“ಕೈ ನಡುಗುತ್ತೆ ಕಣ್ರೋ” ಎಂದರು ಇವರು ಕೊನೆಗೆ. “ಮೌಸ್ ಹಿಡಿಯೋಕಾಗಲ್ಲ. ಅದಕ್ಕೇ ಇದೆಲ್ಲ ಟೈಪ್ ಮಾಡೋದು.”

“ಗೊತ್ತು ಸರ್” ಎಂದಳು ಎರಡು ಜಡೆಯ ಹುಡುಗಿ.

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸರ್. ಬಾಣ ನೋಡ್ದಾಗ್ಲೇ ಗೊತ್ತಾಯ್ತು. ನಮ್ಮೆಲ್ರಿಗೂ ಗೊತ್ತು. ನಿಮ್ಗೆ ಬೇಜಾರಾಗುತ್ತೆ ಅಂತ ಮೌಸ್ ಸರಿ ಇಲ್ಲ ಅಂದೆ.”

ಇನ್ನೊಬ್ಬ ಹುಡುಗ, “ನಮ್ಮಮ್ಮಂಗೂ ಗೊತ್ತು ಸರ್. ಮೇಡಂ ಫೋನ್ ಮಾಡಿ ಮೌಸ್ ರಿಪೇರಿಗೆ ಹೋಗಿದೆ ಅಂದ್ರಲ್ಲ, ಹೂಂ ಅಂದ್ಬಿಡು, ಏನೂ ಕೇಳ್ಬೇಡ ಅಂತ ಅಪ್ಪ ಹೇಳಿದ್ರು” ಎಂದ.

ನನ್ನ ಕಿವಿ ಬಿಸಿಯಾಯಿತು. ನನ್ನ ಮಾತು ಏಳು ಮನೆಯವರೂ ನಂಬಿದರು ಎಂದು ಬೀಗಿದ್ದೆನಲ್ಲ, ಏಳೂ ಮನೆಯವರು ಸೇರಿ ನನ್ನನ್ನು ನಂಬಿಸಿದ್ದರು. ಎಸ್.ಪಿ. ರೋಡಿನಲ್ಲಿ ನಿಂತು ಆ ಅಂಗಡಿಯವನ ಮೇಲೆ ಕಿರುಚಾಡಿದ ದಿನ, ಬಸವನಗುಡಿಯಲ್ಲಿ ನನ್ನ ಗಂಡನ ಕೈಯ ವಿಷಯ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ನಾಚಿಕೆಯಾಯಿತು. ಹಾಳು ಮಕ್ಕಳು ಎಂದು ಸಿಟ್ಟೂ ಬಂತು. ಆ ಸಿಟ್ಟು ಗಂಟಲಿಗೆ ಬರುವಷ್ಟರಲ್ಲಿ ಬೇರೆ ಏನೋ ಆಗಿ ಕಣ್ಣು ಮಂಜಾಯಿತು.

“ಸರ್, ಮೇಡಂ ಕೈಲಿರೋ ಸೌಟು ಕಾಣ್ತಿದೆ. ಹುಳಿ ತೊಟ್ಟಿಕ್ತಿದೆ” ಎಂದಳು ಹುಡುಗಿ. ನೋಡಿದರೆ ಇವರ ಪಂಚೆಯ ಮೇಲೆ ನಿಜವಾಗಿಯೂ ಹುಳಿ ತೊಟ್ಟಿಕ್ಕುತ್ತಿತ್ತು. ಇವರು ನಕ್ಕರು. ಮಕ್ಕಳೂ ನಕ್ಕರು. ಆಗಲೇ ಫೋನು ಹೊಡೆದುಕೊಂಡಿತು. ಮಾಯವಾದವಳೊಬ್ಬಳ ತಾಯಿ.

“ಸರ್ ಹೇಳಿದ್ ಹಾಗೇ ಮಾಡ್ದೆ ಅಂತಿದಾಳೆ ಮೇಡಂ. ಅವರಪ್ಪಂದು ಆಫೀಸ್ ಲ್ಯಾಪ್‌ಟಾಪು, ಆಫ್ ಆಗೋಯ್ತು. ಏನಾದ್ರೂ ಕೆಡ್ತಾ?”

“ಏನೂ ಕೆಟ್ಟಿಲ್ಲ, ಆನ್ ಮಾಡಿ ಬರೋಕೆ ಹೇಳಿ. ಸರ್ ಕಾಯ್ತಿದಾರೆ” ಎಂದೆ.

ಮೂವರೂ ಒಬ್ಬೊಬ್ಬರಾಗಿ ವಾಪಸ್ ಬಂದರು. ಅವತ್ತು ವೃತ್ತದ ಪಾಠ. ಇವರು ಒಂದು ಕಾಗದ ತರಿಸಿಕೊಂಡು, ಪೆನ್ನು ಹಿಡಿದು, ಕ್ಯಾಮೆರಾದ ಮುಂದೆಯೇ ಒಂದು ವೃತ್ತ ಎಳೆದರು. ಅದು ಹಲಸಿನಕಾಯಿಯ ಹಾಗೆ ಬಂತು. “ಇದನ್ನ ವೃತ್ತ ಅಂತ ಭಾವಿಸೋಣ” ಎಂದು ಪಾಠ ಮುಂದುವರಿಸಿದರು. ಒಂದು ಗಂಟೆಯ ಪಾಠ ಎರಡು ಗಂಟೆ ನಡೆಯಿತು. ನಾನು ತಳ ಹತ್ತಿದ ಹುಳಿಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಮತ್ತೆ ಒಗ್ಗರಣೆಗೆ ಎಣ್ಣೆ ಇಟ್ಟೆ.

ಪಾಠ ಮುಗಿಸಿ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಶಾಲು ಹೊದ್ದಿರಲಿಲ್ಲ. ಸ್ವಲ್ಪ ಹೊತ್ತು ನಾನು ಸಾಸಿವೆ ಹಾಕುವುದನ್ನು ನೋಡಿದರು.

“ನಾಳೆ ಡಾಕ್ಟರ್ ಹತ್ರ ಹೋಗೋಣ ಕಣೇ” ಎಂದರು. “ಏನಿದ್ರೂ ಗೊತ್ತಾಗ್ಲಿ. ನೀನು ಜೊತೇಲಿ ಬರ್ತೀಯಲ್ಲ?”

ಒಲೆ ಸಣ್ಣ ಮಾಡಿದೆ. ಸೆರಗಿನಿಂದ ಮುಖ ಒರೆಸಿಕೊಂಡೆ.

“ಯಾಕೆ, ಅಳ್ತಿದೀಯಾ?”

“ಇಲ್ಲಪ್ಪ. ಒಗ್ಗರಣೆ ಘಾಟು” ಎಂದೆ.

ಇವರು ಹೌದೆನ್ನುವಂತೆ ತಲೆಯಾಡಿಸಿ, ನಂಬಿದವರ ಹಾಗೆ ಎರಡು ಸಲ ಕೆಮ್ಮಿದರು.